ಬಡಾವಣೆಯ ಗ್ರೂಪಿನಲ್ಲಿ ಮೆಸೇಜ್ ಅಳಿಸುವಾಗ ನಾನು ಮಾಡುವುದು

ಉತ್ತರಹಳ್ಳಿ ಕಡೆ ಇರುವ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ನಾವು ಮೂವರು ಅಡ್ಮಿನ್‌ಗಳು. ಕರೆಂಟ್ ಹೋಯಿತು, ಕಸದ ಆಟೋ ಬಂದಿಲ್ಲ, ಕಾವೇರಿ ನೀರು ಯಾವಾಗ ಬಿಡುತ್ತಾರೆ, ಎಲ್ಲ ಅಲ್ಲೇ. ಬೇರೆಯವರ ಮೆಸೇಜನ್ನು ಅಡ್ಮಿನ್ ಅಳಿಸುವ ಸೌಲಭ್ಯ 2022ರಲ್ಲಿ ಬಂತು. ಆಗಿನಿಂದ ಹೊಣೆಯೂ ಜಾಸ್ತಿಯಾಯಿತು.

ಅಳಿಸಿದರೆ ಕಾರಣ ಹೇಳಲೇಬೇಕು ಅನ್ನುವುದು ನನ್ನ ಪಟ್ಟು. ಯಾವ ಅಡ್ಮಿನ್ ಅಳಿಸಿದರು ಅಂತ ಗ್ರೂಪಿಗೆ ಕಾಣುತ್ತದೆ. ಯಾಕೆ ಅಂತ ಕಾಣುವುದಿಲ್ಲ. ಅನುಮಾನ ಹುಟ್ಟುವುದೇ ಅಲ್ಲಿ. ಟೆಲಿಗ್ರಾಂ ಗ್ರೂಪಾಗಿದ್ದರೆ ಅಳಿಸಿದ್ದನ್ನು ಅಡ್ಮಿನ್‌ಗಳು 48 ಗಂಟೆವರೆಗೆ ತೆರೆದು ನೋಡಬಹುದು. ವಾಟ್ಸಾಪಿನಲ್ಲಿ ಆ ದಾಖಲೆ ಇಲ್ಲ. ಅದಕ್ಕೇ ಮೊದಲು ಸ್ಕ್ರೀನ್‌ಶಾಟ್ ತೆಗೆದು ಉಳಿದಿಬ್ಬರಿಗೆ ಕಳಿಸುತ್ತೇನೆ, ಆಮೇಲೆ ಅಳಿಸುತ್ತೇನೆ.

ಒಮ್ಮೆ ಒಬ್ಬರು ಮನೆಗೆಲಸದ ಹೆಂಗಸಿನ ಫೋಟೋ ಹಾಕಿ, ‘ಬಳೆ ಕದ್ದಿದ್ದಾಳೆ, ಯಾರೂ ಕೆಲಸಕ್ಕೆ ಇಟ್ಟುಕೊಳ್ಳಬೇಡಿ’ ಅಂತ ಬರೆದರು. ಪೊಲೀಸರಿಗೆ ದೂರು ಕೊಟ್ಟಿರಲಿಲ್ಲ, ಬರೀ ಅನುಮಾನ. ಆಕೆ ಅದೇ ರಸ್ತೆಯ ಬೇರೆ ಮನೆಗಳಲ್ಲೂ ದುಡಿಯುವವರು. ಗ್ರೂಪಿನಲ್ಲಿ ಇಲ್ಲದವರು ತಮ್ಮ ಪರ ಮಾತಾಡುವುದಾದರೂ ಹೇಗೆ? ತಕ್ಷಣ ತೆಗೆದು, ಹಾಕಿದವರಿಗೆ ಫೋನ್ ಮಾಡಿದೆ.

“ನನ್ನ ಮೆಸೇಜ್ ತೆಗೆಯೋಕೆ ನೀವ್ಯಾರು ಸರ್?” ಅಂದರು.

“ಮೇಡಂ, ಬಳೆ ಹೋಗಿರೋದು ಸಣ್ಣ ವಿಷಯ ಅಲ್ಲ. ಸ್ಟೇಷನ್‌ಗೆ ಹೋಗೋಣ, ನಾನೂ ಬರ್ತೀನಿ. ಫೋಟೋ ಮಾತ್ರ ಬೇಡ.”

ಆಮೇಲೆ ಗ್ರೂಪಿನಲ್ಲಿ, ಯಾರ ಹೆಸರೂ ಎತ್ತದೆ, ಒಂದು ಆರೋಪದ ಮೆಸೇಜ್ ತೆಗೆದಿದ್ದೇವೆ, ಫೋಟೋ ಉಳಿಸಿಕೊಂಡವರು ಅಳಿಸಿಬಿಡಿ ಅಂತ ಬರೆದೆ. ಇದು ಬಹಳ ಮುಖ್ಯ. ನಾವು ಇಲ್ಲಿ ಅಳಿಸಿದರೂ ಬೇರೆ ಕಡೆ ಫಾರ್ವರ್ಡ್ ಆಗಿದ್ದು ಹಾಗೇ ಇರುತ್ತದೆ.

ಸದಸ್ಯರು ಹಾಕಿದ್ದಕ್ಕೆ, ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಸುಮ್ನೆ ನೋಡ್ತಾ ಕೂರೋಕಾಗುತ್ತಾ?

ಅಳಿಸುವ ಪ್ರಸಂಗವೇ ಕಡಿಮೆಯಾಗಲಿ ಅಂತ ಸೆಟ್ಟಿಂಗ್ಸ್ ಬಿಗಿ ಮಾಡಿದ್ದೇವೆ. ಲಿಂಕ್ ಒತ್ತಿ ಬರುವವರನ್ನು ಮನೆ ನಂಬರ್ ಕೇಳಿಯೇ ಒಳಗೆ ಬಿಡುತ್ತೇವೆ. ಜಗಳ ಏರಿದರೆ ಸ್ವಲ್ಪ ಹೊತ್ತು ‘ಅಡ್ಮಿನ್ ಮಾತ್ರ’ ಅಂತ ಮಾಡಿ, ಬಿಸಿ ಇಳಿದ ಮೇಲೆ ಬಿಡುತ್ತೇವೆ. ಮೆಸೇಜ್ ತಾನಾಗಿ ಮಾಯವಾಗುವ ಸೆಟ್ಟಿಂಗ್ ಮಾತ್ರ ಹಾಕಿಲ್ಲ. ಪ್ಲಂಬರ್ ನಂಬರ್, ನೀರಿನ ಟ್ಯಾಂಕರ್ ದರ ಇಂಥದ್ದನ್ನೆಲ್ಲ ಜನ ತಿಂಗಳುಗಟ್ಟಲೆ ಆದ ಮೇಲೂ ಹುಡುಕುತ್ತಾರೆ.