ಹತ್ತಿ ಕರಪತ್ರಕ್ಕೆ ಮಾತಿನ ಹದ

ರಾಯಚೂರು ಜಿಲ್ಲೆಯ ಹತ್ತಿ ಬೆಳೆಗಾರರಿಗೆ ಕರಪತ್ರ ಬರೆಯುವುದು ನನ್ನ ಕೆಲಸ. ವಿಷಯ ಕೊಡುವವರು ತಜ್ಞರು, ಅದನ್ನು ಮಾತಿನ ಹದಕ್ಕೆ ತರುವುದು ನನ್ನ ಪಾಲಿಗೆ. ಹತ್ತಿ ಕಾಯಿಯನ್ನು ಕೊರೆದು ತಿನ್ನುವ ಗುಲಾಬಿ ಹುಳದ ಬಗ್ಗೆ ಬರುವ ಕರಡು ಹೀಗಿರುತ್ತದೆ: “ಗುಲಾಬಿ ಕಾಯಿಕೊರಕದ ಬಾಧೆಯು ಆರ್ಥಿಕ ನಷ್ಟದ ಮಟ್ಟವನ್ನು ತಲುಪಿರುವುದು ಕಂಡುಬಂದಲ್ಲಿ ಶಿಫಾರಸು ಮಾಡಲಾದ ಕೀಟನಾಶಕವನ್ನು ಸಿಂಪಡಿಸತಕ್ಕದ್ದು.”

ಇದರಲ್ಲಿ ತಪ್ಪಿಲ್ಲ, ಉತ್ತರವೂ ಇಲ್ಲ. ಹೊಲದಲ್ಲಿ ನಿಂತವರು ಕೇಳುವುದು, “ಎಣ್ಣಿ ಯಾವಾಗ ಹೊಡೀಬೇಕ್ರಿ?” ಎಣ್ಣಿ ಅಂದರೆ ಕೀಟದ ಔಷಧಿ. ನಾನು ಮೊದಲು ಆ ಪ್ರಶ್ನೆಯನ್ನೇ ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ. ಎದುರಿಗೆ ಅವರು ಕೂತಂತೆ ಬಾಯಿಬಿಟ್ಟು ಉತ್ತರ ಹೇಳಿ, ಹೇಳಿದ್ದನ್ನು ಬರೆಯುತ್ತೇನೆ: “ದಿನಾ ಬೆಳಿಗ್ಗೆ ಮೋಹಕ ಬಲೆ ನೋಡಿ. ಒಂದು ಬಲೆಗೆ 8 ಪತಂಗದಂತೆ ಮೂರು ದಿನ ಬಿಡದೆ ಬಿದ್ದಿದ್ದರೆ ಔಷಧಿ ಹೊಡೆಯಿರಿ. 10 ಹೂವಿನಲ್ಲಿ ಒಂದು ಹೂ ಅರಳದೆ ಗುಲಾಬಿ ಮೊಗ್ಗಿನಂತೆ ಮುದುಡಿಕೊಂಡಿದ್ದರೂ ಹೊಡೆಯಿರಿ.” (ಮೋಹಕ ಬಲೆ ಅಂದರೆ ಹೆಣ್ಣು ಪತಂಗದ ವಾಸನೆಯಂಥ ವಾಸನೆ ಇಟ್ಟು ಈ ಹುಳದ ಗಂಡು ಪತಂಗಗಳನ್ನು ಸೆಳೆದು ಹಿಡಿಯುವ ಬಲೆ.) ಮೊದಲಿನದಕ್ಕಿಂತ ಉದ್ದವಾಯಿತು, ಆಗಲಿ. ಸರಳ ಬರಹ ಚಿಕ್ಕದೇ ಇರಬೇಕು ಅನ್ನುವವರ ಜೊತೆ ನನಗೆ ಸಹಮತವಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಡುವೆ ‘ಕಂಡುಬಂದಲ್ಲಿ’, ‘ಮಾಡಲಾದ’ ಎಂದು ಪೋಣಿಸುತ್ತ ಹೋದರೆ, ಮಾಡಬೇಕಾದ ಕೆಲಸ ಏನೆಂಬುದು ಸಾಲು ಮುಗಿಯುವ ತನಕ ತಿಳಿಯುವುದಿಲ್ಲ. ಅದಕ್ಕೇ ನೋಡಬೇಕಾದ್ದಕ್ಕೆ ಒಂದು ವಾಕ್ಯ, ಮಾಡಬೇಕಾದ್ದಕ್ಕೆ ಇನ್ನೊಂದು.

ಅಳತೆಯನ್ನೂ ನಾನೇ ಲೆಕ್ಕ ಹಾಕಿ ಕೊಡುತ್ತೇನೆ. ಹೆಕ್ಟೇರ್ ಲೆಕ್ಕ ಯಾರಿಗೂ ಬೇಡ, ಎಕರೆಗೆ ಇಳಿಸಬೇಕು. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಔಷಧಿ ಲೀಟರಿಗೆ 5 ಮಿ.ಲೀ. ಎಂದಿದ್ದರೆ, 16 ಲೀಟರಿನ ಪಂಪಿಗೆ 80 ಮಿ.ಲೀ. ಎಂದು ಬರೆಯುತ್ತೇನೆ. ಬೆನ್ನ ಮೇಲೆ ಪಂಪು ಹೊತ್ತವರು ಗುಣಾಕಾರ ಮಾಡುತ್ತ ಕೂರುತ್ತಾರೆಯೇ?

“ಹಂಗಾದ್ರ ಪೂರಾ ನಮ್ಮ ಮಾತಿನಾಗ ಬರೀರಲ್ಲ” ಅನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಅಕ್ಷರ ಕೂಡಿಸಿ ಓದುವವರಿಗೆ ಶಾಲೆಯಲ್ಲಿ ಕಲಿತ ಕಾಗುಣಿತವೇ ಸಲೀಸು. ‘ನೋಡ್ರಿ, ಹೊಡೀರಿ’ ಪುಟ ತುಂಬಾ ಬಂದರೆ ನಾಟಕದ ಕಂಪನಿಯ ಹಾಳೆ ಅನ್ನಿಸುತ್ತದೆ. ಪದ ಅಚ್ಚಿನದಿರಲಿ, ಹೇಳುವ ವರಸೆ ಮಾತಿನದಿರಲಿ.

ಅಚ್ಚಿಗೆ ಹೋಗುವ ಮುಂಚೆ ಯಾರಾದರೂ ರೈತರಿಂದ ಗಟ್ಟಿಯಾಗಿ ಓದಿಸುತ್ತೇನೆ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಒಡೆಯುತ್ತೇನೆ. ಈ ಬಲೆಯ ಹಾಳೆಯನ್ನು ಓದಿದ ದೇವದುರ್ಗ ಕಡೆಯ ಹಿರಿಯರೊಬ್ಬರು ಎಲ್ಲೂ ತಡವರಿಸಲಿಲ್ಲ. ಓದಿ ಮುಗಿಸಿ, “ನಿನ್ನಿ ಬಿದ್ದ ಹುಳ ಇವತ್ತೂ ಲೆಕ್ಕಕ್ಕ ಬರ್ತಾವೇನ್ರಿ?” ಎಂದರು. ‘ಎಣಿಸಿದ ಮೇಲೆ ಬಲೆ ಖಾಲಿ ಮಾಡಿ’ ಎಂಬ ಸಾಲು ಸೇರಿದ್ದು ಆಮೇಲೆ.