ಪಿಎಚ್‌ಇ ಸೋರಿದರೆ ಮೊದಲು ಕಾಲು ನೋಡಿ

ತೆಳು ಲೋಹದ ಪ್ಲೇಟುಗಳ ನಡುವೆ ಬಿಸಿ, ತಣ್ಣನೆ ದ್ರವ ಹರಿಸಿ ಶಾಖ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ಪಿಎಚ್‌ಇ) ಕೆಳಮೂಲೆಯಲ್ಲಿ ಹನಿಯತೊಡಗಿದರೆ ಎಲ್ಲರ ಕೈಯೂ ಮೊದಲು ಸ್ಪ್ಯಾನರ್‌ಗೆ ಹೋಗುತ್ತದೆ. ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡುತ್ತಾರೆ, ಅದಕ್ಕೂ ನಿಲ್ಲದಿದ್ದರೆ ಪ್ಲೇಟುಗಳ ನಡುವಿನ ರಬ್ಬರ್ ಗ್ಯಾಸ್ಕೆಟ್ ಬದಲಿಸುತ್ತಾರೆ. ನಾನು ಬಿಚ್ಚಿ ನೋಡಿದ ಪಿಎಚ್‌ಇಗಳಲ್ಲಿ ಗ್ಯಾಸ್ಕೆಟ್ ಕೆಟ್ಟಿದ್ದಕ್ಕಿಂತ ಕೂರಿಸಿದ್ದು ಕೆಟ್ಟಿದ್ದೇ ಹೆಚ್ಚು. ಒಂದು ಕಾಲಿನಡಿ ಶಿಮ್ (ಮಟ್ಟಕ್ಕೆ ಕೊಡುವ ತೆಳು ತಗಡು) ಇರುವುದಿಲ್ಲ, ಆಂಕರ್ ಬೋಲ್ಟ್ ಕೈಯಲ್ಲೇ ತಿರುಗುತ್ತದೆ, ಇಲ್ಲವೇ ಪೈಪಿನ ಭಾರವೆಲ್ಲ ಪೈಪು ಸೇರುವ ಬಾಯಿಯ, ಅಂದರೆ ನಾಝಲ್ ಮೇಲೆ ಜೋತುಬಿದ್ದಿರುತ್ತದೆ. ಭಾರವನ್ನು ನೆಲ ಹೊರಬೇಕು, ಪೈಪನ್ನು ಪೈಪಿನದೇ ಸಪೋರ್ಟ್ ಹೊರಬೇಕು, ಫ್ರೇಮಿಗೆ ತಿರುಚು ಬೀಳಬಾರದು. ಕೂರಿಸುವ ಸಾಮಾನನ್ನೆಲ್ಲ ನಾನು ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸುತ್ತೇನೆ.

ಉದಾಹರಣೆಗೆ ಡೈರಿಯ ಯುಟಿಲಿಟಿ ಕೋಣೆಯಲ್ಲಿ ಬಿಸಿನೀರಿಗೆ ಬಳಸುವ, ಬಣ್ಣ ಬಳಿದ ಫ್ರೇಮಿನ ಯಂತ್ರವೊಂದನ್ನು ತೆಗೆದುಕೊಳ್ಳೋಣ. 50 ಮಿಮೀ ನಾಝಲ್, 61 ಪ್ಲೇಟ್, ಮುಂದಿನ ಕಾಲಿನಿಂದ ಹಿಂದಿನ ಕಂಬದ ಕಾಲಿಗೆ 1,200 ಮಿಮೀ, ಅಡ್ಡಕ್ಕೆ ಕಾಲಿನಿಂದ ಕಾಲಿಗೆ 400 ಮಿಮೀ. ಇದರ ತೂಕ ಎಲ್ಲಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಮುಂದಿನ ಫ್ರೇಮ್ ಪ್ಲೇಟ್ 1,100 × 480 ಮಿಮೀ, 40 ಮಿಮೀ ದಪ್ಪದ ಉಕ್ಕು. ಅದೊಂದೇ ಸುಮಾರು 166 ಕೆಜಿ. ತೆಳು ಪ್ಲೇಟುಗಳನ್ನು ಅದಕ್ಕೆ ಒತ್ತಿ ಹಿಡಿಯುವ ಹಿಂದಿನ ಪ್ರೆಷರ್ ಪ್ಲೇಟೂ ಅಷ್ಟೇ. ತೆಳು ಪ್ಲೇಟು, ಅವು ನೇತಾಡುವ ಬಾರು (ಉಕ್ಕಿನ ತೊಲೆ), ಬೋಲ್ಟು, ಒಳಗಿನ ನೀರು ಎಲ್ಲ ಸೇರಿ 500 ಕೆಜಿಯ ಆಸುಪಾಸು. ಪ್ಲೇಟುಗಳ ಪ್ಯಾಕ್ ಬಿಗಿಯಾಗಿರುವಾಗ ಈ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮುಂದಿನ ಎರಡು ಕಾಲಿನ ಮೇಲಿರುತ್ತದೆ. ಸರ್ವಿಸ್‌ಗೆ ಬಿಚ್ಚಿದಾಗ ಪ್ರೆಷರ್ ಪ್ಲೇಟನ್ನು ಹಿಂದಕ್ಕೆ ಉರುಳಿಸುತ್ತೇವೆ, ಆಗ 166 ಕೆಜಿ ಒಮ್ಮೆಲೇ ಕಂಬದ ಕಡೆಗೆ ಹೋಗುತ್ತದೆ. ಓಡುವಾಗ ಅಲ್ಲಾಡದ ಯಂತ್ರ ಬಿಚ್ಚಿದಾಗ ವಾಲುವುದು ಇದಕ್ಕೇ. ಯಂತ್ರ ಎತ್ತರಕ್ಕಿದೆ, ಅಗಲ ಕಡಿಮೆ. ಆಂಕರ್ ಬೋಲ್ಟ್ ಇರುವುದು ಭಾರ ಹೊರುವುದಕ್ಕಲ್ಲ, ಪಕ್ಕಕ್ಕೆ ಮಗುಚದಂತೆ, ಜರುಗದಂತೆ ಹಿಡಿಯುವುದಕ್ಕೆ.

ಜಾಗ ಗುರುತಿಸುವಾಗಲೇ ಒಂದು ಪಕ್ಕದಲ್ಲಿ ಒಂದೂವರೆ ಮೀಟರ್ ಖಾಲಿ ಬಿಡಿ. ಪ್ಲೇಟುಗಳನ್ನು ಪಕ್ಕಕ್ಕೇ ಎಳೆದು ತೆಗೆಯಬೇಕು. ಆ ಜಾಗದಲ್ಲಿ ಆಮೇಲೆ ಯಾರೋ ಪಂಪು ಕೂರಿಸುತ್ತಾರೆ, ಅದಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆದುಬಿಡುವುದು ಒಳ್ಳೆಯದು.

ಈಗ ಕಟ್ಟೆ. ನೂರಕ್ಕೆ ತೊಂಬತ್ತು ಕಡೆ ಕಾಲಿನ ಆಚೆ ಒಂದು ಗೇಣೂ ಬಿಡದೆ ಕಟ್ಟೆ ಹಾಕಿರುತ್ತಾರೆ. ಆಂಕರನ್ನು ಕಾಂಕ್ರೀಟಿನಿಂದ ಎಳೆದರೆ ಅದು ಶಂಕುವಿನಾಕಾರದ ಒಂದು ತುಂಡನ್ನು ಹಿಡಿದುಕೊಂಡು ಮೇಲೆ ಬರುತ್ತದೆ. ಆ ಶಂಕು ಪೂರ್ತಿ ಸಿಗಬೇಕಾದರೆ ಬೋಲ್ಟಿನಿಂದ ಅಂಚಿಗೆ ಹೂತ ಆಳದ ಒಂದೂವರೆ ಪಟ್ಟು ದೂರ ಬೇಕು. ಎಂ12, ಅಂದರೆ 12 ಮಿಮೀ ದಪ್ಪದ ಎಳೆ ಕೊರೆದ ರಾಡನ್ನು 110 ಮಿಮೀ ಹೂತರೆ ಅಂಚು 165 ಮಿಮೀ ದೂರವಿರಬೇಕು. ಎಂ16 ಆದರೆ 125 ಮಿಮೀ ಆಳ, ಸುಮಾರು 190 ಮಿಮೀ ಅಂಚು. ನಮ್ಮ ಯಂತ್ರಕ್ಕೆ ಎಂ12 ಸಾಕು, ಹಾಗಾಗಿ ಕಟ್ಟೆ 750 ಮಿಮೀ ಅಗಲ, 1,550 ಮಿಮೀ ಉದ್ದ, 150 ಮಿಮೀ ಎತ್ತರ. ಸಿಮೆಂಟ್, ಮರಳು, ಜಲ್ಲಿ 1:1:2 ಮಿಶ್ರಣ, 20 ಮಿಮೀ ಜಲ್ಲಿ. ಇಷ್ಟಕ್ಕೆ ಎರಡು ಮೂಟೆ ಸಿಮೆಂಟ್ ಬೇಕಾಗುತ್ತದೆ.

ಹಳೆಯ ನೆಲದ ಮೇಲೆ ಸುಮ್ಮನೆ ಕಾಂಕ್ರೀಟ್ ಸುರಿದರೆ ಕಟ್ಟೆಯೇ ನೆಲದಿಂದ ಬಿಟ್ಟುಕೊಳ್ಳುತ್ತದೆ. ಟೈಲ್ಸ್ ಅಥವಾ ಕಡಪ ಕಲ್ಲು ಇದ್ದರೆ ತೆಗೆದು, ಅಡಿಯ ಗಾರೆಯನ್ನೂ ಕೆತ್ತಿ, ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಇಳಿಯಬೇಕು. ಅಲ್ಲಿ ಉಳಿಯಿಂದ ಒರಟು ಮಾಡಿ, ಕಟ್ಟೆಯ ಅಂಚಿನಿಂದ 100 ಮಿಮೀ ಒಳಗೆ ಸುತ್ತಲೂ 300 ಮಿಮೀಗೊಂದರಂತೆ 10 ಮಿಮೀ ಕಂಬಿ ನೆಡುತ್ತೇನೆ, ನೆಲದೊಳಗೆ 100 ಮಿಮೀ ಆಳಕ್ಕೆ. ಹನ್ನೆರಡು-ಹದಿಮೂರು ಕಂಬಿ ಆಗುತ್ತದೆ. ಕಾಂಕ್ರೀಟ್ ಹಾಕುವ ಮೊದಲು ಟೇಪ್ ಇಟ್ಟು ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಮೇಲೆ ಡ್ರಿಲ್ ಕಂಬಿಗೆ ತಾಗುವುದಿಲ್ಲ. ಏಳು ದಿನ ನೀರುಣಿಸಿ, ಆಂಕರ್ ತೂತನ್ನು 28 ದಿನ ಆದ ಮೇಲೆಯೇ ಕೊರೆಯಬೇಕು. ಕೆಲಸದ ಅವಸರದಲ್ಲಿ ಹತ್ತನೇ ದಿನಕ್ಕೇ ಕೊರೆದು ಬಿಗಿ ಮಾಡಿದ ಕಟ್ಟೆಗಳಲ್ಲಿ ಬೋಲ್ಟಿನ ಸುತ್ತ ಕೂದಲೆಳೆ ಬಿರುಕು ಎದ್ದಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇಲ್ಲಿ ರಾಲ್ ಬೋಲ್ಟಿಗಿಂತ ಕೆಮಿಕಲ್ ಆಂಕರ್, ಅಂದರೆ ತೂತಿಗೆ ಅಂಟು ತುಂಬಿ ಕೂರಿಸುವ ರಾಡ್, ಮೇಲು. ರಾಲ್ ಬೋಲ್ಟ್ ಅಗಲಗೊಂಡು ಹಿಡಿಯುವಂಥದ್ದು, ಅದು ಕಾಂಕ್ರೀಟನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ, ಅಂಚು ಹತ್ತಿರವಿದ್ದರೆ ಸೀಳುತ್ತದೆ. ಪಕ್ಕದ ಪಂಪಿನ ಕಂಪನಕ್ಕೆ ನಿಧಾನವಾಗಿ ಸಡಿಲವೂ ಆಗುತ್ತದೆ. ಕೆಮಿಕಲ್ ಆಂಕರ್‌ಗೆ ಆ ಒತ್ತಡವಿಲ್ಲ. ಆದರೆ ಅದಕ್ಕೆ ಧೂಳಿಲ್ಲದ ತೂತು ಬೇಕು, ಮತ್ತು ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ.

ಎಂ12 ರಾಡಿಗೆ 14 ಮಿಮೀ ಬಿಟ್, 110 ಮಿಮೀ ಆಳ. ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಕೊರೆದಾದ ಮೇಲೆ ತೂತಿನ ತಳಕ್ಕೆ ನಳಿಗೆ ಇಳಿಸಿ ಗಾಳಿ ಊದಬೇಕು, ತಂತಿ ಬ್ರಷ್ ಹಾಕಿ ತಿರುಗಿಸಿ ಉಜ್ಜಬೇಕು, ಮತ್ತೆ ಊದಬೇಕು. ಹಿಟ್ಟಿನಂಥ ಧೂಳು ಏಳುವುದು ನಿಲ್ಲುವವರೆಗೂ ಇದನ್ನೇ ಮಾಡಬೇಕು. ಬಾಯಲ್ಲಿ ಊದಿದರೆ ಧೂಳು ಕಣ್ಣಿಗೆ ಬರುತ್ತದೆ, ತಳದ್ದು ತಳದಲ್ಲೇ ಉಳಿಯುತ್ತದೆ. ಕೊನೆಗೆ ಕಿರುಬೆರಳನ್ನು ಒಳಗೆ ತಿರುಗಿಸಿ ತೆಗೆಯಿರಿ. ತುದಿಗೆ ಬಿಳಿ ಹಿಟ್ಟು ಅಂಟಿದ್ದರೆ ಇನ್ನೊಂದು ಸುತ್ತು. ಅಂಟು ಹಿಡಿಯುವುದು ಕಾಂಕ್ರೀಟಿಗೆ. ಮಧ್ಯೆ ಧೂಳಿದ್ದರೆ ಅದು ಧೂಳನ್ನೇ ಹಿಡಿದುಕೊಂಡು, ಬಿಗಿ ಮಾಡುವಾಗ ರಾಡು ಸಮೇತ ತಿರುಗುತ್ತದೆ.

ಕಾರ್ಟ್ರಿಜ್‌ನಿಂದ ಮೊದಲು ಬರುವ ಅಂಟನ್ನು ಬಣ್ಣ ಒಂದೇ ಸಮ ಆಗುವವರೆಗೆ ಹೊರಗೆ ಚೆಲ್ಲಿ. ಆಮೇಲೆ ತಳದಿಂದ ತುಂಬುತ್ತ ತೂತಿನ ಮೂರನೇ ಎರಡು ಭಾಗ ಬರುವಷ್ಟು ಹಾಕಿದರೆ ಸಾಕು, ಒಂದು ತೂತಿಗೆ ಸುಮಾರು 12 ಮಿಲಿ. ರಾಡನ್ನು ತಿರುಗಿಸುತ್ತ ಒಳಗಿಳಿಸಿದಾಗ ಬಾಯಲ್ಲಿ ಅಂಟು ಉಕ್ಕಬೇಕು, ಉಕ್ಕದಿದ್ದರೆ ಒಳಗೆ ಗಾಳಿ ಉಳಿದಿದೆ ಎಂದೇ ಅರ್ಥ. ಗಟ್ಟಿಯಾಗುವ ಸಮಯ ಕಾರ್ಟ್ರಿಜ್ ಮೇಲೆ ಕಾಂಕ್ರೀಟಿನ ಉಷ್ಣಾಂಶದ ಪ್ರಕಾರ ಬರೆದಿರುತ್ತದೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಬಿಗಿ ಮಾಡುವುದು ಟಾರ್ಕ್ ರೆಂಚ್‌ನಲ್ಲಿ. ಎಂ12ಗೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್, ಎಂ16ಗೆ 80. ನಿಮ್ಮ ಕಾರ್ಟ್ರಿಜ್‌ನ ಶೀಟ್‌ನಲ್ಲಿ ಬೇರೆ ಇದ್ದರೆ ಅದೇ ಸರಿ.

ರಾಡಿನ ಉದ್ದದಲ್ಲೂ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಎಂ12 × 160 ಸಿಗುತ್ತದೆ, ಅದನ್ನೇ ತಂದುಬಿಡುತ್ತಾರೆ. ಹೂತದ್ದು 110, ಕಾಲಿನಡಿ ತುಂಬುವ ಗ್ರೌಟ್ (ತೆಳು ಗಾರೆ) 20, ಕಾಲಿನ ದಪ್ಪ 12, ವಾಷರ್ 3, ನಟ್ 10, ಲಾಕ್ ನಟ್ 10, ಮೇಲೆ ಎರಡೆಳೆ 5. ಒಟ್ಟು 170. ಹಾಗಾಗಿ 180 ಮಿಮೀ ರಾಡ್ ಬೇಕು. ಕಾಲಿಗೆ ಎರಡು, ಕಂಬಕ್ಕೆ ಎರಡು, ಒಟ್ಟು ನಾಲ್ಕು ರಾಡ್, ಎಂಟು ನಟ್, ನಾಲ್ಕು ದಪ್ಪ ವಾಷರ್. ದಿನವೂ ನೆಲ ತೊಳೆಯುವ ಕಡೆ ಝಿಂಕ್ ಲೇಪನ ನಿಲ್ಲುವುದಿಲ್ಲ, ಎಸ್‌ಎಸ್ 304 ರಾಡೇ ಹಾಕಿ. ಎಸ್‌ಎಸ್ ನಟ್ ಎಸ್‌ಎಸ್ ರಾಡಿಗೆ ಒಣಗಿದ್ದಾಗ ಕಚ್ಚಿಕೊಂಡುಬಿಡುತ್ತದೆ, ಎಳೆಗೆ ಆಂಟಿ ಸೀಝ್ ಪೇಸ್ಟ್ ಸವರದೆ ಬಿಗಿ ಮಾಡಬೇಡಿ.

ಯಂತ್ರ ಎತ್ತುವಾಗ ಸ್ಲಿಂಗ್ ಹಾಕುವ ಜಾಗ ಡ್ರಾಯಿಂಗ್‌ನಲ್ಲಿರುತ್ತದೆ. ನಾಝಲ್‌ಗೂ ಅದರ ಸುತ್ತಲಿನ ಸ್ಟಡ್‌ಗೂ ಹಾಕಲೇಬಾರದು. ಕಟ್ಟೆಯ ಮೇಲಿಟ್ಟು ತೂತಿನ ಗುರುತನ್ನು ಕಾಲಿನ ತೂತಿನೊಳಗಿಂದಲೇ ಮಾಡಿ, ಯಂತ್ರ ಸರಿಸಿ, ಕೊರೆಯಿರಿ. ಡ್ರಾಯಿಂಗ್ ಅಳತೆ ನಂಬಿ ಮೊದಲೇ ಕೊರೆದಿಟ್ಟರೆ ಒಂದು ಕಾಲು ನಾಲ್ಕೈದು ಮಿಮೀ ಆಚೆ ನಿಲ್ಲುತ್ತದೆ. ಆಗ ತೂತು ಉಜ್ಜಿ ಅಗಲ ಮಾಡುತ್ತಾರೆ, ಹಿಡಿತ ಹೋಗುತ್ತದೆ.

ಮಟ್ಟ ಮಾಡುವುದು ಎಲ್ಲಕ್ಕಿಂತ ಮುಖ್ಯ, ಸಮಯವೂ ಇದಕ್ಕೇ ಹೆಚ್ಚು ಬೇಕು. ಕಾಲುಗಳು 400 ಮಿಮೀ ಅಂತರದಲ್ಲಿವೆ. ಒಂದು ಕಾಲು 1 ಮಿಮೀ ತಗ್ಗಿದ್ದರೆ 1,200 ಮಿಮೀ ಎತ್ತರದಲ್ಲಿ 3 ಮಿಮೀ ವಾಲುತ್ತದೆ. ಮುಂದಿನ ಕಾಲುಗಳು ಸಮವಿದ್ದು ಹಿಂದಿನ ಕಂಬದ ಒಂದು ಕಾಲು ತಗ್ಗಿದ್ದರೆ ಇನ್ನೂ ಕೆಟ್ಟದ್ದು. ಬೋಲ್ಟ್ ಬಿಗಿ ಮಾಡಿದಾಗ ಆ ಕಾಲು ಕೆಳಗೆ ಎಳೆಯಲ್ಪಟ್ಟು ಮೇಲಿನ ಬಾರು ತಿರುಚಿಕೊಳ್ಳುತ್ತದೆ. ಪ್ರೆಷರ್ ಪ್ಲೇಟ್ ಆ ಬಾರಿಗೇ ನೇತಾಡುವುದು. ಅದು ಓರೆಯಾಗುತ್ತದೆ, ಪ್ಲೇಟುಗಳು ಹಾವಿನಂತೆ ಆಚೀಚೆ ಸರಿದು ಗ್ಯಾಸ್ಕೆಟ್ ತನ್ನ ಕಾಲುವೆಯಿಂದ ಹೊರಬರುತ್ತದೆ. ಬಿಗಿ ಮಾಡುವವರು ಹನಿಯುವ ಮೂಲೆಯೊಂದನ್ನೇ ಬಿಗಿ ಮಾಡುತ್ತಾರೆ, ಒಂದು ಪಕ್ಕ 183 ಮಿಮೀ, ಇನ್ನೊಂದು ಪಕ್ಕ 187 ಬರುತ್ತದೆ. ಅಲ್ಲಿಂದ ಮುಂದೆ ಎಷ್ಟು ಗ್ಯಾಸ್ಕೆಟ್ ಬದಲಿಸಿದರೂ ಸೋರಿಕೆ ನಿಲ್ಲುವುದಿಲ್ಲ.

ನಾನು ಹೀಗೆ ಮಾಡುತ್ತೇನೆ. ಎಸ್‌ಎಸ್ ಶಿಮ್‌ಗಳನ್ನು 0.5, 1 ಮತ್ತು 2 ಮಿಮೀ ದಪ್ಪದಲ್ಲಿ, ಬೋಲ್ಟಿನ ಪಕ್ಕದಿಂದ ತೂರಿಸಲು ಬರುವಂತೆ ಲಾಳದ ಆಕಾರದಲ್ಲಿ ಕತ್ತರಿಸಿ ಇಟ್ಟುಕೊಳ್ಳುವುದು. ರಸಮಟ್ಟವನ್ನು ಮೇಲಿನ ಬಾರಿನ ಉದ್ದಕ್ಕೆ ಇಡಬೇಕು, ಆಮೇಲೆ ಫ್ರೇಮ್ ಪ್ಲೇಟಿನ ತಲೆಯ ಮೇಲೆ ಅಡ್ಡಕ್ಕೆ. ಫ್ರೇಮ್ ಪ್ಲೇಟಿನ ಮುಖಕ್ಕೆ ತೂಗುಗುಂಡು ಇಳಿಬಿಟ್ಟು ದಾರಕ್ಕೂ ಪ್ಲೇಟಿಗೂ ಮೇಲೆ ಕೆಳಗೆ ಅಂತರ ಅಳೆಯಬೇಕು. ನಟ್ ಸಡಿಲವಿದ್ದಾಗ ಪ್ರತಿ ಕಾಲಿನಡಿ ಕಾಗದದ ಚೂರು ತೂರಿಸಿ ನೋಡಿ, ಎಲ್ಲಿ ಸಲೀಸಾಗಿ ಹೋಗುತ್ತದೋ ಆ ಕಾಲು ಭಾರ ಹೊರುತ್ತಿಲ್ಲ. ಅದಕ್ಕೆ ಶಿಮ್ ಕೊಡಿ, ಬೋಲ್ಟಿನಿಂದ ಎಳೆದು ಕೂರಿಸಬೇಡಿ. ಶಿಮ್ ಸರಿಯಾದ ಮೇಲೆ ನಾನ್ ಶ್ರಿಂಕ್ ಗ್ರೌಟ್ ತುಂಬಿ. ಮಾಮೂಲಿ ಸಿಮೆಂಟ್ ಗಾರೆ ಒಣಗಿದಾಗ ಕುಗ್ಗಿ ಕಾಲಿನಿಂದ ಬಿಡುತ್ತದೆ, ಭಾರವೆಲ್ಲ ಶಿಮ್ ಮೇಲೆಯೇ ಉಳಿಯುತ್ತದೆ.

ಮುಂದಿನ ಕಾಲಿನ ನಟ್‌ಗಳಿಗೆ ಪೂರ್ತಿ ಟಾರ್ಕ್ ಕೊಡುತ್ತೇನೆ. ಕಂಬದ ಕಾಲಿನಲ್ಲಿ ಉದ್ದ ತೂತು ಇದ್ದರೆ ಅದು ಜರುಗಲಿ ಎಂದೇ ಇಟ್ಟದ್ದು: ಅಲ್ಲಿ ನಟ್ ತಾಗುವಷ್ಟು ಬಿಗಿ ಮಾಡಿ ಲಾಕ್ ನಟ್ ಹಾಕುತ್ತೇನೆ. ಒಂದೂವರೆ ಮೀಟರ್ ಉಕ್ಕಿನ ಬಾರು 55 ಡಿಗ್ರಿ ಬಿಸಿಯಾದರೆ ಸುಮಾರು 1 ಮಿಮೀ ಬೆಳೆಯುತ್ತದೆ, ಅದಕ್ಕೆ ಹೋಗಲು ದಾರಿ ಇರಬೇಕು. ಮುಂದೆ ಯಾವಾಗಲಾದರೂ ಬಿಚ್ಚಿದಾಗ ಪ್ರೆಷರ್ ಪ್ಲೇಟನ್ನು ಬಾರಿನ ನಡುವೆ ಬಿಟ್ಟು ನೋಡಿ. ಬಿಟ್ಟಲ್ಲೇ ನಿಂತರೆ ಮಟ್ಟ ಸರಿಯಿದೆ. ತಾನಾಗಿ ಕಂಬದ ಕಡೆ ಉರುಳಿದರೆ ಹಿಂದಿನ ಕಾಲು ತಗ್ಗಿದೆ.

ಪೈಪಿನ ವಿಷಯ. 50 ಮಿಮೀ ಶೆಡ್ಯೂಲ್ 40 ಪೈಪು ನೀರು ತುಂಬಿದಾಗ ಮೀಟರಿಗೆ ಏಳೂವರೆ ಕೆಜಿ. ಮೂರು ಮೀಟರ್ ಪೈಪು, ಒಂದು ವಾಲ್ವು ಜೋತುಬಿದ್ದರೆ 30 ಕೆಜಿ ದಾಟುತ್ತದೆ. ಹಾಗಾಗಿ ನಾಝಲ್‌ನಿಂದ ಅರ್ಧ ಮೀಟರ್ ಒಳಗೆ ಮೊದಲ ಸಪೋರ್ಟ್ ಬರಬೇಕು, 50 × 50 × 6 ಆಂಗಲ್ ಕಂಬ, ಮೇಲೆ ಯು ಕ್ಲಾಂಪ್. ಫ್ಲ್ಯಾಂಜ್ ಎದುರುಬದುರಾದಾಗ ಬೋಲ್ಟು ಬೆರಳಲ್ಲೇ ತೂರಬೇಕು. ಹಾರೆ ಹಾಕಿ ಎಳೆದು ಸೇರಿಸಿದ ಪೈಪು ಅಷ್ಟೇ ಬಲದಿಂದ ಫ್ರೇಮನ್ನು ದಿನವೂ ಎಳೆಯುತ್ತಿರುತ್ತದೆ. ಕಂಪನ ತಡೆಯಲು ಪೈಪಿನ ನಡುವೆ ರಬ್ಬರ್ ಬೆಲ್ಲೋ (ಬಳುಕುವ ಜೋಡಣೆ) ಹಾಕುವವರು ಅದು ಹಿಗ್ಗದಂತೆ ಹಿಡಿಯುವ ಕಂಟ್ರೋಲ್ ರಾಡ್ ಬಿಟ್ಟುಬಿಡುತ್ತಾರೆ. ಬೆಲ್ಲೋ ಒಳಗಿನ ವಿಸ್ತೀರ್ಣ 50 ಚದರ ಸೆಂಮೀ, ಒತ್ತಡ 6 ಬಾರ್ ಎಂದರೆ ನಾಝಲ್ ಮೇಲೆ 300 ಕೆಜಿಯ ತಳ್ಳು. ರಾಡ್ ಇಲ್ಲದಿದ್ದರೆ ಅದನ್ನು ತಡೆಯಬೇಕಾದದ್ದು ನಮ್ಮ ನಾಲ್ಕು ಆಂಕರ್.

ಪ್ರೆಷರ್ ಪ್ಲೇಟಿನ ಕಡೆ ನಾಝಲ್ ಇದ್ದರೆ ಅಲ್ಲಿ ಬಿಚ್ಚಿ ತೆಗೆಯಬಹುದಾದ ಬೆಂಡ್ ಇರಲೇಬೇಕು. 61 ಪ್ಲೇಟ್, ಒಂದಕ್ಕೆ 3 ಮಿಮೀ ಎಂದರೆ ಬಿಗಿ ಅಳತೆ 183 ಮಿಮೀ. ಗ್ಯಾಸ್ಕೆಟ್ ಕೂತಂತೆ ಮರುಬಿಗಿ ಮಾಡಿದಾಗ ಆ ಪ್ಲೇಟ್ ಒಂದೆರಡು ಮಿಮೀ ಮುಂದೆ ಬರುತ್ತದೆ. ಪೈಪನ್ನು ಗೋಡೆಗೆ ಬಿಗಿದಿದ್ದರೆ ಅದು ಬರಲು ಬಿಡುವುದಿಲ್ಲ. ಮರುಬಿಗಿಯನ್ನು ಒತ್ತಡ ಇಳಿಸಿ, ತಣ್ಣಗಾದ ಮೇಲೆ, ಎದುರು ಬದುರು ಬೋಲ್ಟುಗಳನ್ನು ಜೋಡಿಜೋಡಿಯಾಗಿ ಸ್ವಲ್ಪಸ್ವಲ್ಪವೇ ಮಾಡಿ. ಎರಡೂ ಪಕ್ಕ ಮೇಲೆ, ನಡುವೆ, ಕೆಳಗೆ ಅಳೆಯಿರಿ. ನೇಮ್ ಪ್ಲೇಟಿನ ಕನಿಷ್ಠ ಅಳತೆಗಿಂತ ಕೆಳಗೆ ಹೋದರೆ ಪ್ಲೇಟಿನ ಏರುತಗ್ಗು ನಜ್ಜಾಗುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಹಾಲು ಹರಿಯುವ ಎಸ್‌ಎಸ್ ಪಿಎಚ್‌ಇಗೆ ಆಂಕರ್ ಬೇಡ, ಅಡಿಯಲ್ಲಿ ತೊಳೆಯಬೇಕಲ್ಲ. ಅದಕ್ಕೆ ಎಳೆ ತಿರುಗಿಸಿ ಎತ್ತರ ಹೊಂದಿಸುವ ಬಾಲ್ ಫೀಟ್ ಬರುತ್ತದೆ. ಡೈರಿಯ ನೆಲ ಚರಂಡಿ ಕಡೆ ಇಳಿಜಾರಿರುತ್ತದೆ. ನೂರಕ್ಕೆ ಒಂದು ಎಂದರೂ 1,200 ಮಿಮೀ ಉದ್ದಕ್ಕೆ 12 ಮಿಮೀ ವ್ಯತ್ಯಾಸ. ಅದನ್ನು ಕಾಲಿನ ಎಳೆಯಲ್ಲೇ ಸರಿಮಾಡಿ, ಲಾಕ್ ನಟ್ ಬಿಗಿದು, ಪ್ರತಿ ಪಾದವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ ಪಾದ ನೆಲಕ್ಕೆ ತಾಗಿದಂತೆ ಕಂಡರೂ ಭಾರ ಹೊರುತ್ತಿಲ್ಲ.

ಚಿಲ್ಲರ್, ಹೀಟ್ ಪಂಪ್‌ಗಳ ಜೊತೆ ಬರುವ ಚಿಕ್ಕ ಬ್ರೇಝ್ಡ್ (ಬೆಸೆದ, ಬಿಚ್ಚಲಾಗದ) ಪಿಎಚ್‌ಇಗೆ ಹಿಂದೆ ಸ್ಟಡ್ ಬೋಲ್ಟ್ ಇದ್ದರೆ ಎಲ್ ಬ್ರ್ಯಾಕೆಟ್, ಇಲ್ಲದಿದ್ದರೆ ಅಡಿಗೆ ತಟ್ಟೆ ಕೊಟ್ಟು ಸುತ್ತ ಪಟ್ಟಿ, ಎರಡಕ್ಕೂ ನಡುವೆ 5 ಮಿಮೀ ರಬ್ಬರ್. ಅದರ ಮೈಗೆ ಬ್ರ್ಯಾಕೆಟ್ ವೆಲ್ಡ್ ಮಾಡಲೇಬಾರದು, ಒಳಗೆ ಪ್ಲೇಟುಗಳನ್ನು ಹಿಡಿದಿರುವುದು ತಾಮ್ರದ ಬೆಸುಗೆ. ಒಳಗೆ ಶೀತಕ ಗ್ಯಾಸ್ ಹರಿಯುವುದಾದರೆ ನೆಟ್ಟಗೆ ನಿಲ್ಲಿಸಿಯೇ ಕೂರಿಸಿ. ಗೋಡೆ ಯಾವುದೆಂದು ನೋಡಿಕೊಳ್ಳಿ: ಸಾಲಿಡ್ ಬ್ಲಾಕ್ ಆದರೆ ಕೆಮಿಕಲ್ ಆಂಕರ್ ನಿಲ್ಲುತ್ತದೆ, ಹಾಲೋ ಬ್ಲಾಕ್‌ನಲ್ಲಿ ಹಿಡಿಯಲು ಏನೂ ಇರುವುದಿಲ್ಲ. ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ ರಾಲ್ ಬೋಲ್ಟ್ ಬಿಗಿ ಮಾಡುತ್ತ ಹೋದಂತೆ ಕಲ್ಲೇ ಪುಡಿಯಾಗಿ ಉದುರುತ್ತದೆ. ಈ ಎರಡೂ ಗೋಡೆಗಳಲ್ಲಿ ಆಚೆ ಬದಿಗೆ 6 ಮಿಮೀ ಉಕ್ಕಿನ ತಟ್ಟೆ ಕೊಟ್ಟು ಬೋಲ್ಟನ್ನು ಆರುಪಾರು ಹಾಯಿಸಬೇಕು. ಆಚೆ ಬದಿಗೆ ಹೋಗಲು ದಾರಿ ಇಲ್ಲದಿದ್ದರೆ ಗೋಡೆಯನ್ನು ಬಿಟ್ಟು ನೆಲದಿಂದಲೇ ಆಂಗಲ್ ಸ್ಟ್ಯಾಂಡ್ ಎಬ್ಬಿಸುವುದು ಸರಿ.