ರೋಗಿಯ ಸ್ಯಾಂಪಲ್ ಇಲ್ಲದೆ ಹಿಮೋಫಿಲಿಯಾ ಕ್ಯಾರಿಯರ್ ಪತ್ತೆ: ನನ್ನ ಅನುಭವ

ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಹಿಮೋಫಿಲಿಯಾ ಎ, ಇದ್ದ ಹುಡುಗ ತೀರಿಕೊಂಡಿದ್ದಾನೆ. ಅವನ ರಕ್ತವನ್ನು ಯಾರೂ ತೆಗೆದಿಟ್ಟಿಲ್ಲ. ಈಗ ಅವನ ಅಕ್ಕನಿಗೆ ಮದುವೆ ಮಾತುಕತೆ. ಅವಳು ಕ್ಯಾರಿಯರ್, ಅಂದರೆ ಕೆಟ್ಟ ಜೀನ್ ಹೊತ್ತು ಮಕ್ಕಳಿಗೆ ದಾಟಿಸಬಲ್ಲವಳು, ಹೌದೋ ಅಲ್ಲವೋ? ಇಂಥ ಮನೆಗೆ ಲಿಂಕೇಜ್ ಟೆಸ್ಟ್ (ಕೆಟ್ಟ ಜೀನ್ ಜೊತೆ ಸಾಗುವ ಡಿಎನ್‌ಎ ಗುರುತನ್ನು ಮನೆಯವರಲ್ಲಿ ಹುಡುಕುವ ಪರೀಕ್ಷೆ) ಆಗಲ್ಲ ಅಂತಲೇ ಎಲ್ಲರೂ ನನಗೆ ಹೇಳುತ್ತಿದ್ದರು. ಆಗುತ್ತೆ. ತಾಯಿ ಕ್ಯಾರಿಯರ್ ಅನ್ನೋದು ಖಚಿತವಿದ್ದು, ಕಾಯಿಲೆ ಇಲ್ಲದ ಅಣ್ಣನೋ ತಮ್ಮನೋ ಒಬ್ಬ ಇದ್ದರೆ ಎಷ್ಟೋ ಮನೆಗಳಲ್ಲಿ ಸಾಕು.

ನಾನು ಹೇಳುತ್ತಿರುವ ಮನೆಯಲ್ಲಿ ತಾಯಿಯ ತಮ್ಮನಿಗೂ ಕಾಯಿಲೆ ಇತ್ತು, ಮಗನಿಗೂ ಇತ್ತು. ಅಂದಮೇಲೆ ತಾಯಿ ಕ್ಯಾರಿಯರ್ ಅನ್ನೋದರಲ್ಲಿ ಅನುಮಾನವಿಲ್ಲ. ಈ ಕಾಯಿಲೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ; ಹೆಣ್ಣಿಗೆ ಎಕ್ಸ್ ಎರಡು, ಗಂಡಿಗೆ ತಾಯಿಯಿಂದ ಬಂದ ಒಂದೇ. ಇನ್ನೊಬ್ಬ ಮಗ ಚೆನ್ನಾಗಿದ್ದಾನೆ, ಹಾಗಾಗಿ ಅವನಲ್ಲಿರುವುದು ತಾಯಿಯ ಒಳ್ಳೆಯ ಎಕ್ಸ್. ಅವನನ್ನೇ ಹಿಡಿದುಕೊಂಡು ಹೊರಟೆ.

ಹುಡುಗಿಗೆ ಮೊದಲೇ ಒಂದು ಲ್ಯಾಬ್‌ನಲ್ಲಿ ಫ್ಯಾಕ್ಟರ್ 8 (ಈ ಕಾಯಿಲೆಯಲ್ಲಿ ಕಡಿಮೆಯಾಗುವ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಮಟ್ಟ ನೋಡಿ, ನಾರ್ಮಲ್ ಇದೆ, ಕ್ಯಾರಿಯರ್ ಅಲ್ಲ ಅಂತ ಬರೆದುಕೊಟ್ಟಿದ್ದರು. ಅದನ್ನು ನೋಡಿ ಸಿಟ್ಟು ಬಂತು. ಮಟ್ಟ ಕಡಿಮೆ ಇದ್ದರೆ ಏನಾದರೂ ಹೇಳಬಹುದು. ನಾರ್ಮಲ್ ಇದ್ದರೆ ಏನೂ ಹೇಳೋಕಾಗಲ್ಲ. ಹೆಣ್ಣಿನ ಜೀವಕೋಶಗಳಲ್ಲಿ ಎರಡು ಎಕ್ಸ್‌ಗಳ ಪೈಕಿ ಒಂದು ಮುಚ್ಚಿಕೊಳ್ಳುತ್ತೆ; ಯಾವ ಜೀವಕೋಶದಲ್ಲಿ ಯಾವ ಎಕ್ಸ್ ಮುಚ್ಚಿಕೊಂಡಿದೆ ಅನ್ನೋದರ ಮೇಲೆ ಆ ಮಟ್ಟ ನಿಂತಿದೆ. ಅಂಥ ಕಾಗದ ನಂಬಿ ಎಷ್ಟು ಮದುವೆ ಆಗಿವೆಯೋ.

ಫ್ಯಾಕ್ಟರ್ 8 ಜೀನ್‌ನ ಇಂಟ್ರಾನ್ 18ರ (ಜೀನ್ ಒಳಗಿನ, ಪ್ರೋಟೀನ್ ಆಗದ ಒಂದು ಭಾಗ) ತುಣುಕಿಗೆ ಡಿಎನ್‌ಎ ಕತ್ತರಿಸುವ ಎಂಜೈಮ್ ಬಿಸಿಎಲ್-1 ಹಾಕಿದೆ. ತುಣುಕಿನ ಉದ್ದ 142 ಡಿಎನ್‌ಎ ಅಕ್ಷರ; ಕತ್ತರಿಸುವ ಜಾಗ ಕೆಲವು ಎಕ್ಸ್‌ಗಳಲ್ಲಿ ಮಾತ್ರ ಇರುತ್ತೆ, ಅಲ್ಲಿ ಕತ್ತರಿಸಿದರೆ 99, 43 ಆಗುತ್ತೆ. ತಾಯಿಯಲ್ಲಿ 142, 99 ಎರಡೂ ಬಂದವು. ಚೆನ್ನಾಗಿರುವ ಮಗನಲ್ಲಿ ಬರೀ 142. ಹಾಗಾದರೆ ಕಾಯಿಲೆ 99ರ ಜೊತೆ ಇದೆ. ಅಪ್ಪನಲ್ಲಿ 142. ತುಣುಕುಗಳನ್ನು ಉದ್ದದ ಪ್ರಕಾರ ಬಿಡಿಸುವ ಜೆಲ್‌ನಲ್ಲಿ ಮಗಳ ಸಾಲಿನಲ್ಲೂ 142ರ ಒಂದೇ ಗೆರೆ, 99ರ ಜಾಗ ಖಾಲಿ. ಕ್ಯಾರಿಯರ್ ಅಲ್ಲ! ಎಂಜೈಮ್ ಕೆಲಸ ಮಾಡದಿದ್ದರೂ 142 ಒಂದೇ ಕಾಣುತ್ತೆ ಅಲ್ವಾ, ಅದಕ್ಕೇ ಪೂರ್ತಿ ಕತ್ತರಿಸಿಹೋಗಿ 99 ಬರಲೇಬೇಕಾದ ಒಬ್ಬ ಗಂಡಸಿನ ಸ್ಯಾಂಪಲ್ ಪ್ರತಿ ಸಲ ಪಕ್ಕದಲ್ಲೇ ಓಡಿಸುತ್ತೇನೆ. ಆಮೇಲೆ ಮನೆಯವರು ಹೊರಗಡೆ ಇಂಟ್ರಾನ್ 22ರ ಇನ್ವರ್ಷನ್ (ಜೀನ್‌ನ ಒಂದು ಭಾಗ ತಲೆಕೆಳಗಾಗಿ ಈ ಕಾಯಿಲೆ ತರುವ ದೋಷ) ನೋಡಿಸಿದರು. ತಾಯಿಯಲ್ಲಿ ಇತ್ತು, ಮಗಳಲ್ಲಿ ಇರಲಿಲ್ಲ. ಆಗಲ್ಲ ಅಂದವರಿಗೆ ಆ ರಿಪೋರ್ಟನ್ನೇ ಕಳಿಸಿದೆ.

ಕೈಕೊಟ್ಟ ಮನೆಗಳೂ ಬೇಕಾದಷ್ಟಿವೆ. ನನ್ನ ಹತ್ತಿರ ಬಂದ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಬಿಸಿಎಲ್-1ರಲ್ಲಿ ಎರಡು ಎಕ್ಸ್ ಬೇರೆ ಬೇರೆಯಾಗಿ ಕಾಣಲೇ ಇಲ್ಲ. ಸೋದರಮಾವನಿಗೆ ಕೊಟ್ಟ ಮನೆಗಳಲ್ಲಿ ಇನ್ನೂ ಕಷ್ಟ. ಅಲ್ಲಿ ಹುಟ್ಟಿದ ಮಗಳಿಗೆ ಎರಡೂ ಎಕ್ಸ್ ಒಬ್ಬಳೇ ಅಜ್ಜಿಯಿಂದ ಬಂದಿರಬಹುದು. ಮನೆಯಲ್ಲಿ ಒಬ್ಬನಿಗೆ ಮಾತ್ರ ಕಾಯಿಲೆ ಇದ್ದರೆ ಈ ದಾರಿಗೆ ಹೋಗಲೇಬೇಡಿ. ಅದು ಹೊಸದಾಗಿ ಹುಟ್ಟಿದ ಜೀನ್ ದೋಷ (ಮ್ಯುಟೇಷನ್) ಆಗಿದ್ದರೆ ಚೆನ್ನಾಗಿರುವ ತಮ್ಮನೂ ಅದೇ ಮಾರ್ಕರ್ (142 ಅಥವಾ 99ರ ಗುರುತು) ಹೊತ್ತಿರಬಹುದು.

ಖರ್ಚು? ನಾಲ್ಕು ಜನರ ಒಂದು ಮನೆಗೆ ಎಲ್ಲಾ ಸೇರಿ 3,000 ರೂಪಾಯಿ ಆಸುಪಾಸು. ಜಾಸ್ತಿ ದುಡ್ಡು ತಿಂದದ್ದು ಎಂಜೈಮ್. ಒಂದು ಬೇಸಿಗೆಯಲ್ಲಿ ಪಾರ್ಸೆಲ್ ಬರುವಷ್ಟರಲ್ಲಿ ಐಸ್ ಕರಗಿ ಇಡೀ ವಯಲ್ ಹಾಳಾಯಿತು, ಏಳೆಂಟು ಸಾವಿರ ನೀರಿಗೆ ಹೋಯಿತು. ಬಿಸಿಎಲ್-1ಕ್ಕೆ 50 ಡಿಗ್ರಿ ಬೇಕು, 37ರಲ್ಲಿ ಇಟ್ಟು ಬೈಯಬೇಡಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಂದು ಮನೆಯ ಅಜ್ಜನಿಗೆ ಹಿಮೋಫಿಲಿಯಾ ಎ ಜೊತೆ ಬಣ್ಣಗುರುಡೂ ಇತ್ತು. ಎರಡರ ಜೀನ್‌ಗಳೂ ಎಕ್ಸ್‌ನ ತುದಿಯಲ್ಲಿ ಹತ್ತಿರ ಹತ್ತಿರ ಇವೆ. ಬಣ್ಣಗುರುಡು ಪತ್ತೆಮಾಡುವ ಇಶಿಹಾರಾ ಚಿತ್ರಗಳ ಪುಸ್ತಕ ತಗೊಂಡು ಹೋಗಿ ಮಗಳ ಗಂಡುಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿದೆ. ಚುಕ್ಕಿಗಳ ನಡುವಿನ ಸಂಖ್ಯೆ ಕಾಣದ ಹುಡುಗರಿಗೇ ರಕ್ತಸ್ರಾವದ ತೊಂದರೆ. ಒಂದೂ ತಪ್ಪಲಿಲ್ಲ! ತಳಿವಿಜ್ಞಾನಿಗಳಾದ ಬೆಲ್ ಮತ್ತು ಹಾಲ್ಡೇನ್ 1937ರಲ್ಲೇ ಈ ನಂಟನ್ನು ಲೆಕ್ಕ ಹಾಕಿ ತೋರಿಸಿದ್ದರು. ಆಗ ಹಿಮೋಫಿಲಿಯಾ ಎ, ಬಿ ಅಂತ ಬೇರೆ ಮಾಡಿರಲಿಲ್ಲ. ಬಿ (ಫ್ಯಾಕ್ಟರ್ 9 ಕೊರತೆ) ಇರುವ ಮನೆಯಲ್ಲಿ ಇದನ್ನು ನಂಬಬೇಡಿ, ಅದರ ಜೀನ್ ದೂರದಲ್ಲಿದೆ.

ಬಿಸಿಎಲ್-1 ಉತ್ತರ ಕೊಡದ ಮನೆಗಳಿಗೆ ಈಗ ಇಂಟ್ರಾನ್ 13 ಮತ್ತು 22ರ ಸಿಎ ರಿಪೀಟ್ (ಸಿ, ಎ ಅಕ್ಷರಗಳು ಎಷ್ಟು ಸಲ ಮರುಕಳಿಸುತ್ತವೆ ಅಂತ ನೋಡುವ ಗುರುತು) ಶುರು ಮಾಡಿದ್ದೇನೆ. ಗೆರೆಗಳು ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ, ಮಾಮೂಲಿ ಅಗರೋಸ್ ಜೆಲ್‌ನಲ್ಲಿ ಬಿಡಿಸೋಕಾಗಲ್ಲ. ಸಣ್ಣ ವ್ಯತ್ಯಾಸವನ್ನೂ ಬಿಡಿಸುವ ಅಕ್ರಿಲಮೈಡ್ ಜೆಲ್ ಹಾಕಲೇಬೇಕು. ವಾಪಸ್ ಕಳಿಸಿದ್ದ ಮನೆಗಳಲ್ಲಿ ಮೂರ್ನಾಲ್ಕನ್ನು ಮತ್ತೆ ಕರೆಸಿದ್ದೇನೆ.